ಯಾರ ಎದುರು ಹೊಡೆದ ರನ್ನು?

ಕೆಳಹಂತದ ಸ್ಪರ್ಧೆಯಲ್ಲಿ ಮೆರೆದ ಆಟಗಾರನು ಮೇಲಿನ ಹಂತದಲ್ಲಿಯೂ ನಿಲ್ಲುವನೇ, ಅದನ್ನು ಮುಂಚಿತವಾಗಿ ಹೇಳುವಾಗ ಅವನು ದಾಟಿ ಬಂದ ಎದುರಾಳಿಗಳ ಬಲಾಬಲಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬ ಪ್ರಶ್ನೆಯನ್ನು ಅಮೆರಿಕದವರು ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್‌ನನ್ನು ಕುರಿತು ಕೇಳುತ್ತಾರೆ. ಕ್ವಾರ್ಟರ್‌ಬ್ಯಾಕ್ ಎಂದರೆ ಆ ದೇಶದ ಫುಟ್‌ಬಾಲಿನಲ್ಲಿ ಪ್ರತಿ ಸಲವೂ ಚೆಂಡನ್ನು ಮೊದಲು ಕೈಗೆ ಪಡೆದು, ಎರಡು ಮೂರು ಕ್ಷಣಗಳೊಳಗೆ ಅದನ್ನು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವ ಆಟಗಾರ. ಇಂಥವರನ್ನು ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಕಾಲೇಜುಗಳಿಂದ ಆರಿಸಿಕೊಳ್ಳುತ್ತವೆ. ಕರ್ನಾಟಕದಲ್ಲಿ ಇದೇ ಪ್ರಶ್ನೆ ಕ್ರಿಕೆಟ್ಟಿಗೆ ಸಂಬಂಧಿಸಿದಂತೆ ಏಳುತ್ತದೆ: ತಾಲ್ಲೂಕು ಮೈದಾನದಿಂದ ಬೆಂಗಳೂರಿನ ಲೀಗ್, ಲೀಗ್‌ನಿಂದ ರಣಜಿ, ರಣಜಿಯಿಂದ ಟೆಸ್ಟ್ ಎಂದು ಸಾಗುವ ಏಣಿಯಲ್ಲಿ ಕೆಳಗಿನ ಮೆಟ್ಟಿಲಿನ ಅಂಕಿಗಳು ಮೇಲಿನ ಮೆಟ್ಟಿಲಿನ ಬಗ್ಗೆ ಏನನ್ನು ಹೇಳುತ್ತವೆ ಎಂಬುದೇ ಆ ಪ್ರಶ್ನೆಯ ತಿರುಳು.

ಮುಂದಿನ ಸಂವಾದದಲ್ಲಿ ಮಾತನಾಡುವವರು ಇಬ್ಬರು. ಒಬ್ಬರು ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕರು. ಇನ್ನೊಬ್ಬರು ಶಿಡ್ಲಘಟ್ಟದ ರೀಲರ್, ಅಂದರೆ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಂಡು, ಬೇಯಿಸಿ, ನೂಲು ತೆಗೆಯುವ ಕಸುಬಿನವರು. ಆಟದ ಚರ್ಚೆಯಲ್ಲಿ ರೀಲರ್‌ಗೆ ಏನು ಕೆಲಸ ಎಂದು ಕೇಳಬಹುದಾದರೂ, ಒಳಗಿರುವುದನ್ನು ಹೊರಗಿನಿಂದ ಅಂದಾಜು ಮಾಡಿ ಹಣ ಹೂಡುವ ವಿದ್ಯೆಯಲ್ಲಿ ಆಯ್ಕೆ ಸಮಿತಿಯವರಿಗಿಂತ ಅವರು ಹಳಬರು.

ಶಿಕ್ಷಕರು: ಯಜಮಾನರೇ, ಜಿಲ್ಲಾ ಮಟ್ಟದಲ್ಲಿ ಒಂದರ ಮೇಲೊಂದು ಶತಕ ಹೊಡೆದ ಹುಡುಗನನ್ನು ಬೆಂಗಳೂರಿನ ಕ್ಲಬ್ಬಿಗೆ ಕರೆದೊಯ್ದಾಗ ಅಲ್ಲಿಯವರು ಕೇಳುವ ಮೊದಲ ಮಾತು, ಯಾರ ಎದುರು ಹೊಡೆದ ರನ್ನು ಎಂಬುದು. ಈ ಪ್ರಶ್ನೆಯಲ್ಲಿ ತಿರಸ್ಕಾರವಿದೆ ಎಂದು ಮಕ್ಕಳ ತಂದೆ ತಾಯಿ ನೊಂದುಕೊಳ್ಳುತ್ತಾರೆ. ಆದರೆ ವಿಚಾರ ಮಾಡಿದರೆ ಅದು ನ್ಯಾಯವಾದ ಪ್ರಶ್ನೆಯೇ ಎಂದು ತೋರುತ್ತದೆ, ಏಕೆಂದರೆ ರನ್ನಿನ ಸಂಖ್ಯೆಯೊಂದನ್ನೇ ಹಿಡಿದು ಆಟಗಾರನ ಬಲವನ್ನು ಅಳೆಯಲು ಹೊರಟವರು ಎಷ್ಟು ಸಲ ಮೋಸಹೋಗಿದ್ದಾರೆ ಎಂಬುದಕ್ಕೆ ರಣಜಿಯ ದಾಖಲೆ ಪುಸ್ತಕವೇ ಸಾಕ್ಷಿ.

ರೀಲರ್: ಮೇಷ್ಟ್ರೇ, ಆ ಸಾಕ್ಷಿ ಏನೆಂದು ಬಿಡಿಸಿ ಹೇಳಬೇಕು.

ಶಿಕ್ಷಕರು: 2018-19ರ ಋತುವಿನಲ್ಲಿ ಈಶಾನ್ಯ ರಾಜ್ಯಗಳೂ ಬಿಹಾರ, ಉತ್ತರಾಖಂಡ, ಪುದುಚೇರಿಗಳೂ ಸೇರಿ 9 ತಂಡಗಳು ರಣಜಿಗೆ ಬಂದವು, ಅವುಗಳನ್ನೆಲ್ಲ ಪ್ಲೇಟ್ ಎಂಬ ಪ್ರತ್ಯೇಕ ಗುಂಪಿನಲ್ಲಿ ಆಡಿಸಲಾಯಿತು. ಪ್ಲೇಟ್ ಎಂದರೆ ಕೆಳದರ್ಜೆಯ ವಿಭಾಗ. ಕರ್ನಾಟಕ, ಮುಂಬೈಗಳಂಥ ಹಳೆಯ ತಂಡಗಳಿರುವುದು ಎಲೀಟ್ ವಿಭಾಗದಲ್ಲಿ. ದೆಹಲಿಯಿಂದ ಸಿಕ್ಕಿಂಗೆ ಹೋಗಿ ಆಡಿದ ಮಿಲಿಂದ್ ಕುಮಾರ್ ಆ ವರ್ಷ 1331 ರನ್ ಕೂಡಿಸಿದರು; ಬಿಹಾರದ ಎಡಗೈ ಸ್ಪಿನ್ನರ್ ಅಶುತೋಷ್ ಅಮನ್ 68 ವಿಕೆಟ್ ತೆಗೆದು, 1974-75ರಲ್ಲಿ ಬಿಷನ್ ಸಿಂಗ್ ಬೇಡಿ ಸ್ಥಾಪಿಸಿದ್ದ 64 ವಿಕೆಟ್‌ಗಳ ದಾಖಲೆಯನ್ನು ಮುರಿದರು. ಮರುವರ್ಷ ಅರುಣಾಚಲಕ್ಕಾಗಿ ಆಡಿದ ರಾಹುಲ್ ದಲಾಲ್ 1340 ರನ್ ಹೊಡೆದರು. ಈ ಮೂವರಲ್ಲಿ ಒಬ್ಬರೂ ಭಾರತ ತಂಡದ ಬಾಗಿಲು ತಟ್ಟಲಿಲ್ಲ. ಮಿಲಿಂದ್ ಕುಮಾರ್ ಮುಂದೆ ಅಮೆರಿಕದ ತಂಡಕ್ಕೆ ಆಡಿದರು. ಇನ್ನು 2024ರ ಜನವರಿಯಲ್ಲಿ, ಪ್ಲೇಟ್‌ಗೆ ಇಳಿದಿದ್ದ ಹೈದರಾಬಾದ್ ತಂಡದ ತನ್ಮಯ್ ಅಗರ್‌ವಾಲ್ ಅರುಣಾಚಲದ ಎದುರು 147 ಎಸೆತಗಳಲ್ಲಿ ತ್ರಿಶತಕ ಮುಟ್ಟಿದರು, ಒಂದೇ ದಿನದಲ್ಲಿ ಆ ತಂಡ 1 ವಿಕೆಟ್‌ಗೆ 529 ರನ್ ಹೊಡೆಯಿತು. ಎದುರಾಳಿಯ ಹೆಸರನ್ನು ಮುಚ್ಚಿಟ್ಟು ಈ ಅಂಕಿಗಳನ್ನು ಓದಿದವರು ಭಾರತಕ್ಕೆ ಹತ್ತು ಬ್ರಾಡ್‌ಮನ್‌ಗಳು ಸಿಕ್ಕರೆಂದುಕೊಳ್ಳಬೇಕು.

ರೀಲರ್: ಪ್ಲೇಟ್‌ಗೂ ಎಲೀಟ್‌ಗೂ ಅಂತರವಿದೆ ಎಂಬುದು ಊಹೆಯೋ, ಅಥವಾ ಎರಡೂ ಮುಖಾಮುಖಿಯಾದದ್ದುಂಟೋ?

ಶಿಕ್ಷಕರು: ಉಂಟು. ಅದೇ 2018-19ರಲ್ಲಿ ಪ್ಲೇಟ್ ಗುಂಪಿನ ಮೊದಲ ಸ್ಥಾನ ಪಡೆದ ಉತ್ತರಾಖಂಡಕ್ಕೆ ಕ್ವಾರ್ಟರ್ ಫೈನಲ್‌ನಲ್ಲಿ ವಿದರ್ಭ ಸಿಕ್ಕಿತು, ವಿದರ್ಭ ಇನಿಂಗ್ಸ್ ಅಂತರದಿಂದ ಗೆದ್ದಿತು. ಆದ್ದರಿಂದ ಮಟ್ಟದ ವ್ಯತ್ಯಾಸ ನಿಜ. ಎದುರಾಳಿಯ ಮಟ್ಟವನ್ನು ನೋಡದೆ ಭವಿಷ್ಯ ಹೇಳುವುದು ತಪ್ಪು ಎಂಬಲ್ಲಿಗೆ ವಾದ ಮುಗಿಯಿತೆಂದೇ ತಿಳಿಯಬಹುದಲ್ಲವೇ?

ರೀಲರ್: ಮುಗಿಯಲಿಲ್ಲ. ಅಂಕಿಯನ್ನು ಮಟ್ಟ ನೋಡಿ ಇಳಿಸಿಕೊಳ್ಳಬೇಕು ಎಂಬುದು ಒಂದು ಮಾತು. ಆಟಗಾರ ಯಾವ ಮಟ್ಟದಿಂದ ಬಂದನೋ ಅದೇ ಅವನ ಮುಂದಿನ ಗತಿಯನ್ನು ತಿಳಿಸುತ್ತದೆ ಎಂಬುದು ಬೇರೆ ಮಾತು. ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಗೊಂದಲ ಹುಟ್ಟುತ್ತದೆ. ಗೂಡಿನ ಮಾರುಕಟ್ಟೆಯ ಉದಾಹರಣೆ ತೆಗೆದುಕೊಂಡರೆ ಇದು ಸ್ಪಷ್ಟವಾದೀತು.

ರೀಲರ್ ಕೊಟ್ಟ ಉದಾಹರಣೆಯನ್ನು ಹಿಂಬಾಲಿಸಲು ಆ ಕಸುಬಿನ ಒಂದೆರಡು ಪದಗಳು ಬೇಕು. ರೆಂಡಿಟ್ಟ ಎಂಬುದು ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕಾಗುತ್ತದೆ ಎಂಬ ಲೆಕ್ಕ. ಅದು ಕಡಿಮೆಯಾದಷ್ಟೂ ರೀಲರ್‌ಗೆ ಲಾಭ. ಹಳದಿ ಬಣ್ಣದ ಮಿಶ್ರತಳಿ ಗೂಡಿಗೆ ಅದು ಸುಮಾರು ಏಳೆಂಟು, ಬಿಳಿಯ ದ್ವಿತಳಿ ಗೂಡಿಗೆ ಆರರ ಆಸುಪಾಸು. ಲಾಟು ಎಂದರೆ ಒಬ್ಬ ರೈತ ತಂದು ಹರಾಜಿಗೆ ಸುರಿದ ಗೂಡಿನ ರಾಶಿ. ಹರಾಜಿನ ಹೊತ್ತಿಗೆ ರೀಲರ್ ಮಾಡುವ ಕೆಲಸ ಹೊರಗಿನವರಿಗೆ ಮಂತ್ರವಾದದಂತೆ ಕಾಣುತ್ತದೆ: ರಾಶಿಯ ತಳಕ್ಕೆ ಕೈ ತೂರಿಸಿ ಒಂದು ಹಿಡಿ ಮೇಲಕ್ಕೆತ್ತುತ್ತಾರೆ, ಎರಡು ಬೆರಳುಗಳ ನಡುವೆ ಗೂಡನ್ನು ಒತ್ತಿ ಅದರ ಬಿಗಿಯನ್ನು ನೋಡುತ್ತಾರೆ, ಕಿವಿಯ ಹತ್ತಿರ ಅಲುಗಾಡಿಸಿ ಒಳಗಿನ ಹುಳು ಕೋಶವಾಗಿ ಗಟ್ಟಿಯಾಗಿ ಸದ್ದು ಮಾಡುತ್ತಿದೆಯೋ ಅಥವಾ ಸತ್ತು ಗೋಡೆಗೆ ಅಂಟಿಕೊಂಡಿದೆಯೋ ಎಂದು ಆಲಿಸುತ್ತಾರೆ, ಅನುಮಾನ ಬಂದರೆ ಒಂದನ್ನು ಕತ್ತರಿಸಿ ನೋಡುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ಗೂಡಿನ ಎಳೆ ಕಡಿಯದೆ ಬಿಚ್ಚಿಕೊಳ್ಳುತ್ತದೆಯೇ ಎಂಬುದು ಬಿಸಿನೀರಿನ ಬಾಣಲೆಗೆ ಬಿದ್ದ ಮೇಲೆಯೇ ತಿಳಿಯುವುದು.

ರೀಲರ್: ಹುಳು ಗೂಡು ಕಟ್ಟುವ ದಿನಗಳಲ್ಲಿ ಮಳೆ ಹಿಡಿದು ಗಾಳಿಯಲ್ಲಿ ತೇವ ಹೆಚ್ಚಾದರೆ ಎಳೆ ಸರಿಯಾಗಿ ಬಿಚ್ಚುವುದಿಲ್ಲ, ರೆಂಡಿಟ್ಟ ಏರುತ್ತದೆ. ಇದು ಶಿಡ್ಲಘಟ್ಟದ ಪ್ರತಿಯೊಬ್ಬ ರೀಲರ್‌ಗೂ ಗೊತ್ತು. ಹಾಗಾದರೆ ಮಳೆಗಾಲದಲ್ಲಿ ಗೂಡು ಕೊಂಡವರೆಲ್ಲ ನಷ್ಟ ಅನುಭವಿಸಬೇಕು, ಬಿಸಿಲುಗಾಲದಲ್ಲಿ ಕೊಂಡವರೆಲ್ಲ ಲಾಭ ಮಾಡಬೇಕು. ಹಾಗೆ ಆಗುವುದಿಲ್ಲ ಏಕೆ?

ಶಿಕ್ಷಕರು: ಮಳೆಗಾಲದ ಗೂಡಿಗೆ ಹರಾಜಿನಲ್ಲೇ ಕಡಿಮೆ ಕೂಗುತ್ತಾರೆ.

ರೀಲರ್: ಅಷ್ಟೇ. ದೋಷವನ್ನು ಮೊದಲೇ ದರದಲ್ಲಿ ಕಳೆದುಕೊಂಡಿರುವುದರಿಂದ, ಕೊಂಡ ಮೇಲೆ ಲಾಭ ನಷ್ಟವನ್ನು ತೀರ್ಮಾನಿಸುವುದು ಮಳೆಯಲ್ಲ, ಮಳೆಯನ್ನು ಎಷ್ಟು ಸರಿಯಾಗಿ ಅಂದಾಜು ಮಾಡಿದರು ಎಂಬುದು. ಆಟದ ಆಯ್ಕೆಯೂ ಹೀಗೆಯೇ ನಡೆಯುತ್ತದೆ. ಚಿಕ್ಕ ತಂಡದಿಂದ ಬಂದವನನ್ನು ಆಯ್ಕೆಗಾರರು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವನ ಸಾವಿರ ರನ್ನನ್ನು ಅವರು ಮನಸ್ಸಿನಲ್ಲೇ ಐನೂರಕ್ಕೆ ಇಳಿಸಿ, ಆ ಮೇಲೂ ಅವನು ಉಳಿದವರಿಗಿಂತ ಮೇಲೆ ನಿಂತರೆ ಮಾತ್ರ ಕರೆಯುತ್ತಾರೆ. ಆದ್ದರಿಂದ ಆಯ್ಕೆಯಾದವರ ಪಟ್ಟಿಯನ್ನೊಂದೇ ಮುಂದಿಟ್ಟುಕೊಂಡು, ದೊಡ್ಡ ತಂಡದಿಂದ ಬಂದವರು ಹೆಚ್ಚು ಗೆದ್ದರೋ ಚಿಕ್ಕ ತಂಡದಿಂದ ಬಂದವರು ಹೆಚ್ಚು ಗೆದ್ದರೋ ಎಂದು ಲೆಕ್ಕ ಹಾಕಿದರೆ ವ್ಯತ್ಯಾಸ ಕಾಣದಿರಬಹುದು. ಅದನ್ನು ನೋಡಿ ಮಟ್ಟ ಮುಖ್ಯವಲ್ಲ ಎಂದವರು ತಪ್ಪುತ್ತಾರೆ, ಮಟ್ಟವೇ ಎಲ್ಲವೂ ಎಂದವರೂ ತಪ್ಪುತ್ತಾರೆ. ಆಯ್ಕೆಯಾಗುವ ಮುಂಚೆ ಮಟ್ಟಕ್ಕೆ ಬೆಲೆಯಿದೆ. ಆಯ್ಕೆಯಾದ ಮೇಲೆ ಆ ಬೆಲೆ ತೀರಿಹೋಗಿರುತ್ತದೆ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಶೋಧನೆಯ ದೋಷ ಎನ್ನಬಹುದು: ಜರಡಿ ಹಿಡಿದ ಮೇಲೆ ಉಳಿದ ಕಾಳನ್ನು ಮಾತ್ರ ಅಳೆದು, ಕಾಳಿನ ಗಾತ್ರಕ್ಕೂ ಜರಡಿಗೂ ಸಂಬಂಧವಿಲ್ಲ ಎಂದು ತೀರ್ಮಾನಿಸುವ ತಪ್ಪು. ಅಮೆರಿಕದ ಕ್ವಾರ್ಟರ್‌ಬ್ಯಾಕ್ ಚರ್ಚೆಯ ಬಹುಭಾಗ ಈ ತಪ್ಪಿನ ಮೇಲೆಯೇ ನಿಂತಿದೆ ಎನ್ನಬೇಕು. ಒಂದು ಕಡೆಯವರು ಕರ್ಟ್ ವಾರ್ನರ್‌ನನ್ನು ತೋರಿಸುತ್ತಾರೆ: ನಾರ್ದರ್ನ್ ಐಯೊವಾ ಎಂಬ ಎರಡನೇ ಸಾಲಿನ ವಿಶ್ವವಿದ್ಯಾಲಯದಿಂದ ಬಂದು, 1994ರಲ್ಲಿ ಯಾವ ತಂಡವೂ ಆರಿಸಿಕೊಳ್ಳದೆ, ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸುವ ಕೆಲಸ ಮಾಡಿ, 1999ರ ಋತುವಿನಲ್ಲಿ ಇಡೀ ಲೀಗಿನ ಶ್ರೇಷ್ಠ ಆಟಗಾರ ಎನಿಸಿದವನು. ಇನ್ನೊಂದು ಕಡೆಯವರು ಜಮಾರ್ಕಸ್ ರಸೆಲ್‌ನನ್ನು ತೋರಿಸುತ್ತಾರೆ: ಅತ್ಯಂತ ಪ್ರಬಲ ಕಾಲೇಜು ಗುಂಪಿನ ಲೂಸಿಯಾನ ಸ್ಟೇಟ್‌ನಿಂದ 2007ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾಗಿ ಮೂರೇ ಋತುಗಳಲ್ಲಿ ಹೊರಬಿದ್ದವನು. ವಯೋಮಿಂಗ್‌ನಂಥ ಚಿಕ್ಕ ಕಾರ್ಯಕ್ರಮದಿಂದ 2018ರಲ್ಲಿ ಬಂದ ಜಾಷ್ ಅಲೆನ್ 2024ರ ಋತುವಿನ ಶ್ರೇಷ್ಠ ಆಟಗಾರನಾದಾಗ ಮೊದಲ ಕಡೆಯವರಿಗೆ ಇನ್ನಷ್ಟು ಬಲ ಬಂತು. ಆದರೆ ವಾರ್ನರ್‌ನ ಜೊತೆಗೆ ಅದೇ ದರ್ಜೆಯ ಕಾಲೇಜುಗಳಲ್ಲಿ ಆಡಿ ಅಂಗಡಿಯ ಕೆಲಸದಲ್ಲೇ ಉಳಿದುಹೋದವರ ಹೆಸರುಗಳು ಯಾವ ಪಟ್ಟಿಯಲ್ಲಿಯೂ ಇಲ್ಲ.

ಶಿಕ್ಷಕರು: ಹಾಗಾದರೆ ಕರ್ನಾಟಕದ ಉದಾಹರಣೆಗಳನ್ನೂ ಇದೇ ಎಚ್ಚರಿಕೆಯಿಂದ ಓದಬೇಕಾಗುತ್ತದೆ. ಭದ್ರಾವತಿಯ ಜಿ. ಆರ್. ವಿಶ್ವನಾಥ್ 1967ರಲ್ಲಿ ತಮ್ಮ ಮೊದಲ ರಣಜಿ ಪಂದ್ಯದಲ್ಲೇ ವಿಜಯವಾಡದಲ್ಲಿ ಆಂಧ್ರದ ಎದುರು 230 ರನ್ ಹೊಡೆದರು. ಆ ಕಾಲದ ಆಂಧ್ರ ತಂಡ ಬಲವಾದದ್ದೇನೂ ಆಗಿರಲಿಲ್ಲ. ಯಾರ ಎದುರು ಹೊಡೆದ ರನ್ನು ಎಂದು ಕೇಳಿ ತಳ್ಳಿಹಾಕಬಹುದಾಗಿತ್ತು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಆಡಿದ ಮೊದಲ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ ಬಂದಾಗ ಕೇಳಿಯೂ ಇದ್ದಿರಬೇಕು. ಎರಡನೆಯ ಇನಿಂಗ್ಸ್‌ನಲ್ಲಿ 137 ಬಂತು, ಮುಂದೆ 91 ಟೆಸ್ಟ್‌ಗಳಲ್ಲಿ 6080 ರನ್. ಇದಕ್ಕೆ ಎದುರಾಗಿ ವಿಜಯ್ ಭಾರದ್ವಾಜ್ 1998-99ರಲ್ಲಿ, ಎಲೀಟ್ ಪ್ಲೇಟ್ ಎಂಬ ವಿಭಜನೆಯೇ ಇಲ್ಲದ ಕಾಲದಲ್ಲಿ, ಕರ್ನಾಟಕ ರಣಜಿ ಗೆದ್ದ ಋತುವಿನಲ್ಲಿ 1280 ರನ್ ಹೊಡೆದರು; ಮರುವರ್ಷ ನೈರೋಬಿಯ ಎಲ್‌ಜಿ ಕಪ್‌ನಲ್ಲಿ ಸರಣಿಯ ಶ್ರೇಷ್ಠರೂ ಆದರು. ಆದರೂ ಅವರಿಗೆ ದಕ್ಕಿದ್ದು 3 ಟೆಸ್ಟ್, 10 ಏಕದಿನ ಪಂದ್ಯ.

ರೀಲರ್: ಎರಡು ಗೂಡು ಕತ್ತರಿಸಿ ನೋಡಿ ಲಾಟಿನ ದರ ಕೂಗುವವನನ್ನು ಮಾರುಕಟ್ಟೆಯಲ್ಲಿ ಹೊಸಬ ಎನ್ನುತ್ತಾರೆ.

ಶಿಕ್ಷಕರು: ಒಪ್ಪಬೇಕಾದ ಮಾತು. ಆದರೂ ಬಿಡಿ ಉದಾಹರಣೆಗಳಿಂದ ನಿಯಮ ಸಿಗದಿದ್ದರೂ ತಪ್ಪಿದ ನಿಯಮವನ್ನು ಗುರುತಿಸಬಹುದು. ಇನ್ನೊಂದು ಸಂಗತಿಯನ್ನು ನೋಡಬೇಕು. ಮಟ್ಟ ಎಂಬ ಪದವೇ ಸ್ಥಿರವಲ್ಲ. ಶಾಲಾ ಕ್ರೀಡಾಕೂಟಗಳು ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ವಿಭಾಗ ಮಟ್ಟ, ರಾಜ್ಯ ಮಟ್ಟ ಎಂದು ಏರುತ್ತವೆ. 2007ರಲ್ಲಿ ಕೋಲಾರ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಅದುವರೆಗೆ 11 ತಾಲ್ಲೂಕುಗಳ ಜಿಲ್ಲೆಯಲ್ಲಿ ಒಬ್ಬನೇ ಇದ್ದ ಜಿಲ್ಲಾ ಪ್ರಥಮ, ಆ ಮೇಲೆ ಆರು ತಾಲ್ಲೂಕುಗಳಿಗೆ ಒಬ್ಬ, ಐದಕ್ಕೆ ಒಬ್ಬ ಎಂದಾದ. ಓಡುವ ಮಕ್ಕಳು ಅವರೇ, ಮೈದಾನಗಳೂ ಅವೇ. ಪ್ರಮಾಣಪತ್ರದ ಮೇಲಿನ ಪದವೂ ಅದೇ. ಆದರೆ ಆ ಪದದ ಹಿಂದೆ ನಿಂತಿದ್ದ ಎದುರಾಳಿಗಳ ಸಂಖ್ಯೆ ಸರ್ಕಾರದ ಒಂದು ಅಧಿಸೂಚನೆಯಿಂದ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು.

ರೀಲರ್: ತಾಲ್ಲೂಕುಗಳೂ ಸಮವಲ್ಲ. ಗುಡಿಬಂಡೆಯಂಥ ಪುಟ್ಟ ತಾಲ್ಲೂಕಿನಲ್ಲಿ ಮೊದಲು ಬರುವುದಕ್ಕೂ ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಮೊದಲು ಬರುವುದಕ್ಕೂ ವ್ಯತ್ಯಾಸವಿದೆ.

ಶಿಕ್ಷಕರು: ಇದೆ, ಆದರೆ ಅದನ್ನೂ ಉತ್ಪ್ರೇಕ್ಷೆ ಮಾಡಬಾರದು. ಶಾಲೆಗಳು ಹೆಚ್ಚಿರುವ ತಾಲ್ಲೂಕಿನಲ್ಲಿ ಸ್ಪರ್ಧಿಗಳು ಹೆಚ್ಚು, ಆದ್ದರಿಂದ ಮೊದಲನೆಯವನು ಹೆಚ್ಚು ಬಲಿಷ್ಠನಾಗಿರುವ ಸಂಭವ ಹೆಚ್ಚು ಎಂಬಷ್ಟೇ ಸತ್ಯ. ಸಂಭವವನ್ನು ಖಚಿತವೆಂದು ಓದಿದರೆ ಗುಡಿಬಂಡೆಯ ಹುಡುಗಿಗೆ ಅನ್ಯಾಯವಾಗುತ್ತದೆ. ಓಟದಲ್ಲಿ ಈ ತೊಂದರೆ ಕಡಿಮೆ, ಏಕೆಂದರೆ ಸ್ಟಾಪ್‌ವಾಚಿಗೆ ಎದುರಾಳಿ ಯಾರೆಂಬುದು ಗೊತ್ತಿರುವುದಿಲ್ಲ. ನೂರು ಮೀಟರನ್ನು ಹನ್ನೆರಡು ಸೆಕೆಂಡಿನಲ್ಲಿ ಓಡಿದ್ದರೆ ಅದು ಹೋಬಳಿಯಲ್ಲಿಯೂ ಹನ್ನೆರಡೇ, ರಾಜ್ಯದಲ್ಲಿಯೂ ಹನ್ನೆರಡೇ. ಕ್ರಿಕೆಟ್ಟಿನಲ್ಲಿ, ಕಬಡ್ಡಿಯಲ್ಲಿ, ಕ್ವಾರ್ಟರ್‌ಬ್ಯಾಕ್‌ನ ಆಟದಲ್ಲಿ ಅಂಥ ಸ್ಟಾಪ್‌ವಾಚಿಲ್ಲ. ಅಲ್ಲಿ ಒಬ್ಬನ ಅಂಕಿ ಎಂದರೆ ಇನ್ನೊಬ್ಬನ ಸೋಲಿನ ಅಂಕಿ.

ಈ ಕೊನೆಯ ವಾಕ್ಯಕ್ಕೆ ಜಿಲ್ಲೆಯಲ್ಲೇ ಒಂದು ವಿನೋದದ ನಿದರ್ಶನವಿದೆ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯ ಸಾಯಿ ಕೃಷ್ಣನ್ ಕ್ರೀಡಾಂಗಣದಲ್ಲಿ 2024ರ ಜನವರಿ 18ರಂದು ಸಚಿನ್ ತೆಂಡೂಲ್ಕರ್ ಮತ್ತು ಯುವರಾಜ್ ಸಿಂಗ್ ಅವರ ನಾಯಕತ್ವದ ಎರಡು ತಂಡಗಳು ಸೌಹಾರ್ದ ಪಂದ್ಯವೊಂದನ್ನು ಆಡಿದವು. ಕೊನೆಯ ಓವರಿನಲ್ಲಿ ತಮ್ಮ ಇರ್ಫಾನ್ ಪಠಾಣ್ ಅಣ್ಣ ಯೂಸುಫ್‌ರ ಎಸೆತವನ್ನು ಸಿಕ್ಸರ್‌ಗೆ ಅಟ್ಟಿ ಪಂದ್ಯ ಮುಗಿಸಿದರು. ಆಡಿದವರು ವಿಶ್ವದ ಅತಿದೊಡ್ಡ ಹೆಸರುಗಳು, ಆದರೆ ಆ ರನ್ನುಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಆಟಗಾರರ ಹೆಸರು ದೊಡ್ಡದಾಗಿದ್ದ ಮಾತ್ರಕ್ಕೆ ಸ್ಪರ್ಧೆಯ ಮಟ್ಟ ದೊಡ್ಡದಾಗುವುದಿಲ್ಲ. ಎದುರಿಗಿರುವವನು ಗೆಲ್ಲಲೇಬೇಕೆಂದು ಹೊರಟಿರಬೇಕು.

ರೀಲರ್: ಮೇಷ್ಟ್ರು ಮಟ್ಟದ ಏರಿಳಿತದ ಬಗ್ಗೆ ಹೇಳಿದ್ದೆಲ್ಲ ಸರಿ. ಆದರೆ ಅದೆಲ್ಲ ಮಟ್ಟವನ್ನು ಒಂದು ಎತ್ತರವೆಂದು ಭಾವಿಸಿದ ಮಾತು: ಈ ಮೆಟ್ಟಿಲು ಇಷ್ಟು ಅಡಿ, ಆ ಮೆಟ್ಟಿಲು ಅಷ್ಟು ಅಡಿ. ಗೂಡಿನ ವಿಷಯದಲ್ಲಿ ಬರೀ ಒಳ್ಳೆಯ ಗೂಡು, ಕೆಟ್ಟ ಗೂಡು ಎಂದು ಯಾರೂ ವಿಂಗಡಿಸುವುದಿಲ್ಲ. ಕೈಚರಕಕ್ಕೆ ಹೊಂದುವ ಗೂಡು ಬೇರೆ, ಯಂತ್ರದ ರೀಲಿಂಗ್‌ಗೆ ಹೊಂದುವ ಗೂಡು ಬೇರೆ. ಚರಕದಲ್ಲಿ ಚೆನ್ನಾಗಿ ಸುತ್ತಿಕೊಂಡ ಮಿಶ್ರತಳಿ ಗೂಡನ್ನು ಸ್ವಯಂಚಾಲಿತ ಯಂತ್ರಕ್ಕೆ ಹಾಕಿದರೆ ಅದು ಸೋಲುವುದು ಕೀಳಾದ್ದರಿಂದ ಅಲ್ಲ; ಯಂತ್ರ ಅದಕ್ಕೆ ಕೇಳುವ ಪ್ರಶ್ನೆಯೇ ಬೇರೆ ಆದ್ದರಿಂದ.

ಶಿಕ್ಷಕರು: ಈ ಮಾತಿನಲ್ಲಿ ಚರ್ಚೆಯ ಗಂಟು ಸಡಿಲವಾಗುವಂತೆ ಕಾಣುತ್ತದೆ. ಮಟ್ಟ ಎಂಬುದನ್ನು ಎತ್ತರವೆನ್ನುವ ಬದಲು ಪ್ರಶ್ನಪತ್ರಿಕೆ ಎನ್ನಬೇಕು. ಭಾನುವಾರ ಊರೂರಿನಲ್ಲಿ ನಡೆಯುವ ಟೆನಿಸ್ ಬಾಲ್ ಟೂರ್ನಿಯನ್ನು ತೆಗೆದುಕೊಳ್ಳಬಹುದು. ಅಲ್ಲಿ ಚೆಂಡು ಹಗುರ, ಗಾಳಿಯಲ್ಲಿ ತಿರುಗುವುದು ಕಡಿಮೆ, ನೆಲಕ್ಕೆ ಬಿದ್ದು ಮೇಲೇಳುವಾಗ ಸಾವಕಾಶವಾಗಿ ಏಳುತ್ತದೆ. ಅದಕ್ಕೆ ತಕ್ಕಂತೆ ಬ್ಯಾಟರ್ ಎಸೆತ ಬರುವ ಮುಂಚೆಯೇ ಎಡಗಾಲನ್ನು ಲೆಗ್ ಕಡೆಗೆ ಸರಿಸಿ, ಎದೆ ತೆರೆದು, ಮಿಡ್‌ವಿಕೆಟ್ ಮೇಲೆ ಎತ್ತಿ ಹೊಡೆಯಲು ಕಲಿಯುತ್ತಾನೆ. ಆ ಕಾಲಿನ ಚಲನೆಯೇ ಅವನಿಗೆ ಅಲ್ಲಿ ಪ್ರಶಸ್ತಿ ತಂದುಕೊಡುವುದು. ಅದೇ ಹುಡುಗನನ್ನು ಹೊಸ ತೊಗಲಿನ ಚೆಂಡಿನ ಎದುರು ನಿಲ್ಲಿಸಿದರೆ, ಹೊಲಿಗೆ ನೆಟ್ಟಗೆ ನಿಂತು ಬಂದ ಎಸೆತ ಆಫ್‌ಸ್ಟಂಪಿನ ಹೊರಗೆ ಬಿದ್ದು ಒಳಕ್ಕೆ ಬರುವ ಹೊತ್ತಿಗೆ ಎಡಗಾಲು ಸರಿದುಹೋಗಿರುತ್ತದೆ, ಬ್ಯಾಟಿಗೂ ಪ್ಯಾಡಿಗೂ ನಡುವೆ ಬಾಗಿಲು ತೆರೆದಿರುತ್ತದೆ. ಬೌಲರ್ ಸಾಮಾನ್ಯದವನೇ ಆಗಿದ್ದರೂ ಸಾಕು. ಇನ್ನು ಮ್ಯಾಟಿಂಗ್ ಪಿಚ್, ಅಂದರೆ ಗಟ್ಟಿ ನೆಲದ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಮಾಡಿದ ಪಿಚ್, ಎತ್ತರದ ಮತ್ತು ಒಂದೇ ಸಮನಾದ ಪುಟಿತ ಕೊಡುತ್ತದೆ. ಅದರಲ್ಲಿ ಹಿಂಗಾಲಿನ ಆಟ ಚೆನ್ನಾಗಿ ಬರುತ್ತದೆ, ಆದರೆ ಹುಲ್ಲಿನ ಪಿಚ್ಚಿನಲ್ಲಿ ತಗ್ಗಿ ಬರುವ ಚೆಂಡು ಎಂದರೇನು ಎಂಬುದೇ ಅಲ್ಲಿ ಬೆಳೆದವನಿಗೆ ತಿಳಿದಿರುವುದಿಲ್ಲ.

ರೀಲರ್: ಹಾಗಿದ್ದರೆ ಮೇಲಿನ ಹಂತ ಕೇಳುವ ಪ್ರಶ್ನೆ ಕೆಳಹಂತದಲ್ಲಿ ಬಂದಿತ್ತೇ ಎಂದು ನೋಡಬೇಕು, ಹಂತದ ಹೆಸರನ್ನಲ್ಲ.

ಶಿಕ್ಷಕರು: ದೊಡ್ಡ ಹಂತದಲ್ಲಿಯೂ ಇದೇ ಆಗುತ್ತದೆ. ಮಯಾಂಕ್ ಅಗರ್‌ವಾಲ್ 2017-18ರ ರಣಜಿಯಲ್ಲಿ 1160 ರನ್ ಹೊಡೆದರು, ಆ ಇಡೀ ದೇಶೀಯ ಋತುವಿನಲ್ಲಿ ಅವರು ಗಳಿಸಿದ್ದು 2141. ಎದುರಾಳಿಗಳು ಪ್ಲೇಟ್‌ನವರಲ್ಲ. 2018ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ಇನಿಂಗ್ಸ್‌ನಲ್ಲೇ 76 ಬಂತು. 2019ರಲ್ಲಿ ವಿಶಾಖಪಟ್ಟಣದಲ್ಲಿ ದಕ್ಷಿಣ ಆಫ್ರಿಕದ ಎದುರು 215, ಇಂದೋರಿನಲ್ಲಿ ಬಾಂಗ್ಲಾದೇಶದ ಎದುರು 243. 21 ಟೆಸ್ಟ್‌ಗಳ ಕೊನೆಗೆ ಸರಾಸರಿ 41ರ ಮೇಲಿದೆ. ಆದರೂ ಅವರ ಸ್ಥಾನ ಉಳಿಯಲಿಲ್ಲ, ಏಕೆಂದರೆ ತವರಿನ ಪಿಚ್ಚಿನಲ್ಲಿ ಬಂದ ರನ್ನು ವಿದೇಶದಲ್ಲಿ ಅದೇ ಪ್ರಮಾಣದಲ್ಲಿ ಬರಲಿಲ್ಲ. ರಣಜಿ ಅವರನ್ನು ಪರೀಕ್ಷಿಸಿದ್ದು ನಿಜ, ಪಾಸು ಮಾಡಿದ್ದೂ ನಿಜ. ಆದರೆ ಆ ಪತ್ರಿಕೆಯಲ್ಲಿ ಇಲ್ಲದ ಅಧ್ಯಾಯವೊಂದು ಮುಂದಿನ ಪರೀಕ್ಷೆಯಲ್ಲಿ ಇತ್ತು.

ರೀಲರ್: ಕರುಣ್ ನಾಯರ್ ಅವರ ಸಂಗತಿ ಇನ್ನೂ ಜಟಿಲವಲ್ಲವೇ?

ಶಿಕ್ಷಕರು: ಅದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. 2014-15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಎದುರು 328 ರನ್. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡಿನ ಎದುರು ಅಜೇಯ 303. ಭಾರತದ ಪರ ಅದಕ್ಕೆ ಮುಂಚೆ ತ್ರಿಶತಕ ಹೊಡೆದಿದ್ದವರು ವೀರೇಂದ್ರ ಸೆಹ್ವಾಗ್ ಒಬ್ಬರೇ. ಮಟ್ಟ ಎಂಬುದರ ತುತ್ತತುದಿ ಟೆಸ್ಟ್ ಪಂದ್ಯವೇ ಆದ್ದರಿಂದ ಅಲ್ಲಿಯ 303 ಎಲ್ಲ ಪ್ರಶ್ನೆಗಳಿಗೂ ಉತ್ತರವಾಗಬೇಕಿತ್ತು. ಆದರೆ ಮುಂದಿನ ನಾಲ್ಕು ಟೆಸ್ಟ್ ಇನಿಂಗ್ಸ್‌ಗಳಲ್ಲಿ 26ನ್ನು ದಾಟಲಾಗದೆ ಅವರು ತಂಡದಿಂದ ಹೊರಗಾದರು. ಮುಂದೆ ಕರ್ನಾಟಕ ತಂಡದಲ್ಲೂ ಜಾಗ ತಪ್ಪಿ ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್, ಸರಾಸರಿ 389.50, ಅದೇ ಋತುವಿನ ರಣಜಿಯಲ್ಲಿ 863 ರನ್, ಫೈನಲ್‌ನಲ್ಲಿ ಕೇರಳದ ಎದುರು ಶತಕ, ವಿದರ್ಭಕ್ಕೆ ಪ್ರಶಸ್ತಿ. ಈ ಬಲದ ಮೇಲೆ 2025ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಕರೆ ಬಂತು. ಅಲ್ಲಿ 4 ಟೆಸ್ಟ್, 205 ರನ್, ಓವಲ್‌ನಲ್ಲಿ ಒಂದು ಅರ್ಧಶತಕ.

ರೀಲರ್: 389.50 ಎಂಬ ಸರಾಸರಿಯ ಅರ್ಥವೇನು? ಪ್ರತಿ ಸಲವೂ ಯಾರಾದರೂ ಅಷ್ಟು ಹೊಡೆಯುವುದು ಸಾಧ್ಯವೇ?

ಶಿಕ್ಷಕರು: ಸರಾಸರಿ ಎಂದರೆ ಒಟ್ಟು ರನ್ನನ್ನು ಔಟಾದ ಸಲಗಳಿಂದ ಭಾಗಿಸಿದ್ದು, ಆಡಿದ ಸಲಗಳಿಂದ ಅಲ್ಲ. 8 ಇನಿಂಗ್ಸ್‌ಗಳಲ್ಲಿ ಅವರು ಔಟಾದದ್ದು ಎರಡೇ ಸಲ. 779ನ್ನು ಎರಡರಿಂದ ಭಾಗಿಸಿದರೆ 389.50. ಅದು ಆ ಹೊತ್ತಿನ ಅವರ ಫಾರ್ಮನ್ನು ತೋರಿಸುವುದೇ ಹೊರತು ಮುಂದಿನ ಪಂದ್ಯದಲ್ಲಿ ಎಷ್ಟು ಬರುತ್ತದೆ ಎಂಬುದನ್ನಲ್ಲ. ಅಳತೆ ಚಿಕ್ಕದಾದಷ್ಟೂ ಅಂಕಿ ಚೆಲ್ಲಾಟವಾಡುತ್ತದೆ, ಮುಂದೆ ಅದು ಸಾಧಾರಣದ ಕಡೆಗೆ ಜಾರಿಯೇ ಜಾರುತ್ತದೆ. ಆ ಜಾರುವಿಕೆಯನ್ನು ನೋಡಿದವರು ಮೇಲಿನ ಮಟ್ಟದಲ್ಲಿ ಸೋತನೆಂದು ತೀರ್ಪು ಕೊಡುತ್ತಾರೆ. ಅವನು ಕೆಳಗಿನ ಮಟ್ಟದಲ್ಲೇ ಉಳಿದಿದ್ದರೂ ಅಂಕಿ ಜಾರುತ್ತಿತ್ತು ಎಂಬುದನ್ನು ಯೋಚಿಸುವುದಿಲ್ಲ.

ಗೌರಿಬಿದನೂರಿನ ಹೊರವಲಯದ ರೇಡಿಯೋ ದೂರದರ್ಶಕ ಈ ಅಂಶವನ್ನು ಮನಸ್ಸಿಗೆ ತರುತ್ತದೆ. ಅಲ್ಲಿ 1970ರ ದಶಕದಲ್ಲಿ 1000 ದ್ವಿಧ್ರುವ ಆಂಟೆನಾಗಳನ್ನು ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ನೆಟ್ಟು ಆಕಾಶದಿಂದ ಬರುವ 34.5 ಮೆಗಾಹರ್ಟ್ಸ್ ತರಂಗಗಳನ್ನು ಹಿಡಿಯಲಾಯಿತು. ಒಂದೊಂದು ಆಂಟೆನಾ ಕೇಳುವುದು ಬಹುಪಾಲು ಸದ್ದನ್ನೇ. ಸಾವಿರವನ್ನು ಕೂಡಿಸಿದಾಗ ಮಾತ್ರ ಯಾವ ದಿಕ್ಕಿನಿಂದ ಏನು ಬರುತ್ತಿದೆ ಎಂಬುದು ಬೇರ್ಪಡುತ್ತದೆ. ಒಂದು ಋತು, ಒಂದು ಟೂರ್ನಿ, ಒಂದು ತ್ರಿಶತಕ ಎಂಬುವು ಒಂಟಿ ಆಂಟೆನಾಗಳು.

ರೀಲರ್: ಮೇಷ್ಟ್ರು ಇದುವರೆಗೆ ಆಟಗಾರನನ್ನೂ ಎದುರಾಳಿಯನ್ನೂ ನೋಡಿದರು. ಅವಕಾಶವನ್ನು ನೋಡಲಿಲ್ಲ. ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ತೆಗೆದರು, ಆ ಟೂರ್ನಿಯಲ್ಲಿ ಅಷ್ಟು ತೆಗೆದವರು ಇನ್ನೊಬ್ಬರಿಲ್ಲ. ಆದರೂ ಅವರು ಒಂದು ಟೆಸ್ಟನ್ನೂ ಆಡಲಿಲ್ಲ. ಅದಕ್ಕೆ ಹರಿಯಾಣದ ಎದುರಾಳಿಗಳ ಮಟ್ಟ ಕಾರಣವಲ್ಲ, ಅದೇ ಕಾಲದಲ್ಲಿ ಅದೇ ಎಡಗೈ ಸ್ಪಿನ್ನಿನಲ್ಲಿ ಬೇಡಿ ಇದ್ದದ್ದು ಕಾರಣ. ಮಾರುಕಟ್ಟೆಗೆ ಒಳ್ಳೆಯ ಲಾಟು ಬಂದ ದಿನವೇ ಅದಕ್ಕಿಂತ ಒಳ್ಳೆಯ ಲಾಟು ಪಕ್ಕದಲ್ಲಿ ಸುರಿದಿದ್ದರೆ ಏನು ಮಾಡುವುದು?

ಶಿಕ್ಷಕರು: ಇದರ ಇನ್ನೊಂದು ಮುಖವೂ ಉಂಟು. ಬಲವಾದ ತಂಡದಲ್ಲಿ ಬೆಳೆಯುವವನಿಗೆ ಒಳ್ಳೆಯ ಎದುರಾಳಿ ಸಿಗುತ್ತಾನೆ, ಆದರೆ ಹನ್ನೊಂದರೊಳಗೆ ಜಾಗ ಸಿಗುವುದು ಕಷ್ಟ. ದುರ್ಬಲ ತಂಡದಲ್ಲಿ ಜಾಗ ಬೇಗ ಸಿಗುತ್ತದೆ, ಎದುರಾಳಿಯಿಂದ ಕಲಿಯುವುದು ಕಡಿಮೆ. ದಾವಣಗೆರೆಯ ವಿನಯ್ ಕುಮಾರ್, ಗದಗಿನ ಸುನಿಲ್ ಜೋಶಿ ಜಿಲ್ಲೆಯ ಮೈದಾನಗಳಿಂದ ಬಂದು ಈ ಎರಡನೆಯ ಕೊರತೆಯನ್ನು ಹೇಗೋ ತುಂಬಿಕೊಂಡರು. ಜೋಶಿ ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ಓಡಾಡಿ ಆಡಿದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದರು. ವಿನಯ್ ಕುಮಾರ್ ನಾಯಕರಾಗಿ ಕರ್ನಾಟಕಕ್ಕೆ 2013-14ರಲ್ಲೂ 2014-15ರಲ್ಲೂ ರಣಜಿ ಗೆದ್ದುಕೊಟ್ಟರು, ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್ ತೆಗೆದರು. ಟೆಸ್ಟ್ ಆಡಿದ್ದು 2012ರಲ್ಲಿ ಪರ್ತ್‌ನಲ್ಲಿ ಒಂದೇ ಒಂದು. ರಣಜಿಯ ಪಿಚ್ಚುಗಳಲ್ಲಿ ಅವರ ಮಧ್ಯಮ ವೇಗಕ್ಕೆ ಸಾಕಷ್ಟು ಕೆಲಸವಿತ್ತು. ಪರ್ತ್ ಕೇಳುವುದು ವೇಗವನ್ನು.

ರೀಲರ್: ಮತ್ತೆ ಪ್ರಶ್ನಪತ್ರಿಕೆಗೇ ಬಂತು.

ಶಿಕ್ಷಕರು: ಬಂತು. 2015ರ ಐಪಿಎಲ್ ಹರಾಜಿನಲ್ಲಿ ಕೆ. ಸಿ. ಕಾರಿಯಪ್ಪ ಅವರನ್ನು, ಅವರು ಒಂದೂ ಪ್ರಥಮ ದರ್ಜೆ ಪಂದ್ಯ ಆಡಿರದಿದ್ದಾಗ, ಕರ್ನಾಟಕ ಪ್ರೀಮಿಯರ್ ಲೀಗ್‌ನ ಆಟವನ್ನು ನೋಡಿ ಕೋಲ್ಕತ್ತ ತಂಡ 2.4 ಕೋಟಿ ರೂಪಾಯಿಗೆ ಕೊಂಡಿತು. ಆ ಋತುವಿನಲ್ಲಿ ಅವರು ಆಡಿದ್ದು ಒಂದೇ ಪಂದ್ಯ. ಕೊಂಡವರನ್ನು ಮೂರ್ಖರೆನ್ನುವುದು ಸುಲಭ. ಆದರೆ ಅವರು ಕೊಂಡದ್ದು ವಿಕೆಟ್‌ಗಳ ಸಂಖ್ಯೆಯನ್ನಲ್ಲ, ಬ್ಯಾಟರ್‌ಗಳು ಕೈಯ ಚಲನೆಯಿಂದ ಓದಲಾಗದ ಎಸೆತವನ್ನು. ಅಂಥ ಎಸೆತ ಕೆಳಹಂತದಲ್ಲಿ ಕಂಡರೂ ಮೇಲಿನ ಹಂತದಲ್ಲಿ ಅದೇ ಎಸೆತವೇ. ಅಂದಾಜಿನ ದಿಕ್ಕು ಸರಿಯಿತ್ತು, ದರ ಹೆಚ್ಚಾಯಿತು.

ರೀಲರ್: ಹರಾಜಿನಲ್ಲಿ ಇಬ್ಬರು ಹಟ ಹಿಡಿದರೆ ಗೂಡಿಗೂ ಹಾಗೆಯೇ ಆಗುತ್ತದೆ. ಹಾಗಾದರೆ ದೇವನಹಳ್ಳಿಯ ದಾರಿಯಲ್ಲಿ 2024ರಲ್ಲಿ ಕ್ರಿಕೆಟ್ ಮಂಡಳಿ ತೆರೆದ ದೊಡ್ಡ ತರಬೇತಿ ಕೇಂದ್ರದ ಮುಂದೆ ದಿನಾ ಬಸ್ಸಿನಲ್ಲಿ ಹಾದುಹೋಗುವ ಚಿಕ್ಕಬಳ್ಳಾಪುರದ ಹುಡುಗನ ಬಗ್ಗೆ ಮೇಷ್ಟ್ರು ಕ್ಲಬ್ಬಿನವರಿಗೆ ಏನೆಂದು ಬರೆದುಕೊಡಬೇಕು? ಜಿಲ್ಲಾ ಮಟ್ಟದಲ್ಲಿ ಮೂರು ಶತಕ ಎಂದೇ?

ಶಿಕ್ಷಕರು: ಶತಕಗಳನ್ನು ಬರೆಯದೆ ಇರಲಾಗದು, ಅರ್ಜಿಯ ನಮೂನೆಯಲ್ಲಿ ಅದಕ್ಕೊಂದು ಕಲಂ ಇದೆ. ಅದರ ಕೆಳಗೆ ಬರೆಯಬೇಕಾದದ್ದು ಬೇರೆ: ಹೊಸ ಚೆಂಡು ಇನ್ನೂ ಗಟ್ಟಿಯಾಗಿದ್ದ ಮೊದಲ ಹತ್ತು ಓವರ್‌ಗಳಲ್ಲಿ ಅವನು ಎಷ್ಟು ಎಸೆತಗಳನ್ನು ಆಫ್‌ಸ್ಟಂಪಿನ ಹೊರಗೆ ಬಿಟ್ಟ, ಎಷ್ಟಕ್ಕೆ ಬ್ಯಾಟು ಚಾಚಿದ, ಎದುರಾಳಿಯ ಅತ್ಯುತ್ತಮ ಬೌಲರ್ ಎಸೆದ ಚೆಂಡುಗಳಲ್ಲಿ ಅವನ ರನ್ನೆಷ್ಟು, ಉಳಿದವರ ಚೆಂಡುಗಳಲ್ಲಿ ಎಷ್ಟು, ಚಾಪೆಯ ಮೇಲೋ ಹುಲ್ಲಿನ ಮೇಲೋ, ಔಟಾದಾಗ ಹೇಗೆ ಔಟಾದ, ಮುಂದಿನ ಪಂದ್ಯದಲ್ಲಿ ಅದೇ ರೀತಿ ಔಟಾದನೇ. ದುರ್ಬಲ ತಂಡದಲ್ಲಿಯೂ ಒಬ್ಬ ಒಳ್ಳೆಯ ಬೌಲರ್ ಇರುತ್ತಾನೆ. ಅವನ ಎದುರಿನ ಇಪ್ಪತ್ತು ಎಸೆತಗಳು ಉಳಿದ ನೂರಕ್ಕಿಂತ ಹೆಚ್ಚು ಹೇಳುತ್ತವೆ.

ರೀಲರ್: ಅಷ್ಟನ್ನೆಲ್ಲ ಸ್ಕೋರ್ ಪುಸ್ತಕದಲ್ಲಿ ಯಾರು ಬರೆಯುತ್ತಾರೆ?

ಶಿಕ್ಷಕರು: ಸದ್ಯಕ್ಕೆ ಯಾರೂ ಬರೆಯುವುದಿಲ್ಲ. ತಾಲ್ಲೂಕು ಪಂದ್ಯಗಳಲ್ಲಿ ಸ್ಕೋರ್ ಬರೆಯಲು ಕೂರಿಸುವುದು ಆಟದಲ್ಲಿ ಜಾಗ ಸಿಗದ ಹನ್ನೆರಡನೆಯ ಹುಡುಗನನ್ನು. ಅವನ ಗಮನವೆಲ್ಲ ಯಾರಿಗಾದರೂ ಕಾಲು ಉಳುಕಿದರೆ ತನಗೆ ಇಳಿಯಲು ಸಿಗುತ್ತದೆಯೇ ಎಂಬುದರ ಮೇಲಿರುತ್ತದೆ. ಬಿಟ್ಟ ಎಸೆತಕ್ಕೆ ಅವನು ಹಾಕುವುದು ಒಂದು ಚುಕ್ಕೆ, ತಪ್ಪಿದ ಎಸೆತಕ್ಕೂ ಅದೇ ಚುಕ್ಕೆ.

ರೀಲರ್: ಎರಡು ಬಣ್ಣದ ಪೆನ್ನು ಕೊಟ್ಟರೆ?

ಶಿಕ್ಷಕರು: ಮುಂದಿನ ತಿಂಗಳು ಚಿಂತಾಮಣಿಯಲ್ಲಿ ಪಂದ್ಯವಿದೆ. ಅಲ್ಲಿಗೆ ಹೋಗುವ ಮುಂಚೆ ಕೊಟ್ಟು ನೋಡಬಹುದು.